ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಫಿ ಇದೆ, ನದಿ ಇದೆ, ಡಾಲರ್ ಇಲ್ಲ

ಇಥಿಯೋಪಿಯಾ ಬಗ್ಗೆ ಬಂದ ಪತ್ರಗಳನ್ನು ರಾಜಕೀಯ, ಹಣಕಾಸು, ಧರ್ಮ ಎಂದು ಮೂರು ಕಟ್ಟು ಕಟ್ಟಲು ನೋಡಿದೆವು, ಆಗಲಿಲ್ಲ. ಅಲ್ಲಿ ಹಾಲಿನ ದರ ಯಾಕೆ ಬಿತ್ತು ಎಂದು ತಿಳಿಯಲು ಚರ್ಚಿನ ಉಪವಾಸದ ಪಟ್ಟಿ ತೆಗೆಯಬೇಕು. ಕಾಫಿ ಯಾಕೆ ಏರಿತು ಎಂದರೆ ಬ್ಯಾಂಕಿನ ಮುಂದಿನ ಡಾಲರ್ ಸರತಿ ನೋಡಬೇಕು. ಜನಗಣತಿ ಯಾಕೆ ನಡೆದಿಲ್ಲ ಎಂದರೆ ಸಂವಿಧಾನ ಬಿಡಿಸಬೇಕು. ಹಾಗಾಗಿ ಪ್ರಶ್ನೆಗಳನ್ನು ವಿಂಗಡಿಸದೆ ಕಲಸಿಯೇ ಕೊಟ್ಟಿದ್ದೇವೆ.

ಪ್ರಶ್ನೆ: ಕಾಫಿಯ ತವರು ಇಥಿಯೋಪಿಯಾ ಅಂತಾರೆ. ಆದರೆ ಅಲ್ಲಿನ ರಫ್ತುದಾರರು ವರ್ಷಗಟ್ಟಲೆ ನಷ್ಟಕ್ಕೇ ಕಾಫಿ ಮಾರಿದರು ಎಂದು ವ್ಯಾಪಾರಿಯೊಬ್ಬರು ಹೇಳಿದರು. ನಷ್ಟಕ್ಕೆ ಮಾರಿ ಯಾರಾದರೂ ಬದುಕುತ್ತಾರೆಯೇ? (ಮೂಡಿಗೆರೆ)

ಉತ್ತರ: ಬದುಕುತ್ತಾರೆ, ಚೆನ್ನಾಗಿಯೇ ಬದುಕಿದರು. ಅವರು ಕಾಫಿ ಮಾರುತ್ತಿದ್ದುದು ಕಾಫಿಯ ಲಾಭಕ್ಕಲ್ಲ, ಡಾಲರಿಗೆ. 2024ರ ಜುಲೈವರೆಗೆ ಸರ್ಕಾರ ಗೊತ್ತು ಮಾಡಿದ ದರ ಡಾಲರಿಗೆ ಸುಮಾರು 57 ಬಿರ್ (ಅಲ್ಲಿನ ಹಣದ ಹೆಸರು ಬಿರ್). ಕಾಳಸಂತೆಯಲ್ಲಿ ಅದೇ ಡಾಲರಿಗೆ 110ರ ಮೇಲೆ ಸಿಗುತ್ತಿತ್ತು. ಈ ಎರಡು ದರಗಳ ನಡುವಿನ ಸಂದಿಯಲ್ಲೇ ಇಡೀ ವ್ಯಾಪಾರ.

ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಅಂಕಿ ಹಿಡಿಯೋಣ. ಹೊರದೇಶದಲ್ಲಿ ಕಾಫಿ ಕಿಲೋಗೆ 4 ಡಾಲರ್, ಸರ್ಕಾರಿ ದರ 55 ಬಿರ್. ಅಂದರೆ ರಫ್ತುದಾರನ ಖಾತೆಗೆ 220 ಬಿರ್. ಅವನು ಆ ಕಾಫಿಯನ್ನು ಒಳಗಿನ ಮಾರುಕಟ್ಟೆಯಲ್ಲಿ 250 ಬಿರ್ ಕೊಟ್ಟು ಕೊಂಡಿದ್ದಾನೆ. ಕಿಲೋಗೆ 30 ಬಿರ್ ನಷ್ಟ. ಆದರೆ ಬಂದ ಡಾಲರಿನಲ್ಲಿ ಒಂದು ಪಾಲನ್ನು ಅವನು ತನ್ನ ಆಮದಿಗೆ ಇಟ್ಟುಕೊಳ್ಳಬಹುದು. 2022ರ ನಿಯಮದಲ್ಲಿ ಶೇ 70 ಕೇಂದ್ರ ಬ್ಯಾಂಕಿಗೆ, ಶೇ 10 ಅವನ ಬ್ಯಾಂಕಿಗೆ, ಉಳಿದ ಶೇ 20 ಅವನಿಗೆ. ಅಂದರೆ 80 ಸೆಂಟ್. ಅದರಲ್ಲಿ ಟೈರೋ ತಗಡೋ ತರಿಸಿ ಮಾರುತ್ತಾನೆ. ಪೇಟೆಯಲ್ಲಿ ಆ ಸರಕಿನ ಬೆಲೆ ನಿಲ್ಲುವುದು ಕಾಳಸಂತೆಯ ಡಾಲರ್ ದರಕ್ಕೆ. 110ರಲ್ಲಿ 55 ಕಳೆದರೆ ಡಾಲರಿಗೆ 55 ಬಿರ್ ಲಾಭ, 80 ಸೆಂಟಿಗೆ 44 ಬಿರ್. ಕಾಫಿಯ ನಷ್ಟ ಕಳೆದರೂ ಕಿಲೋಗೆ 14 ಬಿರ್ ಕೈಯಲ್ಲಿ.

ಇದರಿಂದ ಪೆಟ್ಟು ಬಿದ್ದದ್ದು ಬರೇ ಕಾಫಿ ವ್ಯಾಪಾರ ನಂಬಿದವರಿಗೆ. ಆಮದಿನ ಅಂಗಡಿಯೂ ಇಟ್ಟುಕೊಂಡವನ ಜೊತೆ ಅವರು ಪೈಪೋಟಿ ಮಾಡಲಾರರು. ಬೆಳೆಗಾರನಿಗೆ ಸ್ವಲ್ಪ ಹೆಚ್ಚು ಸಿಕ್ಕಿರಬಹುದು, ಆದರೆ ಅವನು ಕೊಳ್ಳುವ ತಗಡೂ ಅಷ್ಟೇ ದುಬಾರಿಯಾಯಿತು. 2008ರಲ್ಲಿ ಶುರುವಾದ ಸರಕು ವಿನಿಮಯ ಕೇಂದ್ರದ ಮೂಲಕವೇ ಬಹುಪಾಲು ಕಾಫಿ ಹಾದುಹೋಗಬೇಕಿತ್ತು. ಅಲ್ಲಿ ಪ್ರದೇಶ ಮತ್ತು ದರ್ಜೆಯ ಹೆಸರಲ್ಲಿ ಚೀಲಗಳು ಬೆರೆತು, ಯಾವ ಊರಿನ ಯಾವ ತೋಟದ್ದೆಂಬ ಗುರುತೇ ಅಳಿಸಿಹೋಗುತ್ತಿತ್ತು. ಯಿರ್ಗಾಚೆಫೆ ಎಂಬ ಸೀಮೆಯ ಕಾಫಿಗೆ ಹೆಚ್ಚು ಬೆಲೆ ಕೊಡಲು ಸಿದ್ಧವಿದ್ದವರಿಗೂ ಅದರ ಬೆಳೆಗಾರ ಯಾರೆಂದು ತಿಳಿಯುತ್ತಿರಲಿಲ್ಲ. 2017ರ ಸುಧಾರಣೆಯಿಂದ ನೇರ ಮಾರಾಟಕ್ಕೆ ದಾರಿಯಾಯಿತು. ದರದ ಗಂಟು ಬಿಚ್ಚಿದ್ದು 2024ರ ಜುಲೈ 29ರಂದು ಬಿರ್ ಅನ್ನು ಮಾರುಕಟ್ಟೆಗೆ ಬಿಟ್ಟಾಗ. 2024-25ರಲ್ಲಿ ಕಾಫಿ ರಫ್ತು 200 ಕೋಟಿ ಡಾಲರ್ ದಾಟಿತು. ಅದುವರೆಗೆ ಕಳ್ಳದಾರಿಯಲ್ಲಿ ಗಡಿ ದಾಟುತ್ತಿದ್ದ ಚಿನ್ನ ಸರ್ಕಾರಿ ಲೆಕ್ಕಕ್ಕೆ ಬಂದು ಕಾಫಿಯನ್ನೂ ಹಿಂದಿಕ್ಕಿತು. ನೆಲದಲ್ಲಿ ಚಿನ್ನ ಇದ್ದಕ್ಕಿದ್ದಂತೆ ಹೆಚ್ಚಿತೆಂದು ತಿಳಿಯಬೇಡಿ, ದರ ಸರಿಹೋಯಿತು ಅಷ್ಟೆ.

ತವರಿನ ಮಾತಿಗೆ ಬಂದರೆ, ಬಾಬಾಬುಡನ್ ತಂದರೆನ್ನುವ ಏಳು ಬೀಜ ಯೆಮೆನ್‌ನವು, ಅಲ್ಲಿಗೆ ಹೋದದ್ದು ಇಥಿಯೋಪಿಯಾದಿಂದ. ನಿಮ್ಮ ತೋಟದಲ್ಲಿ ‘ಸೆಲೆಕ್ಷನ್ 9’ ಇದ್ದರೆ ನಂಟು ಇನ್ನೂ ಹತ್ತಿರದ್ದು. ಇಥಿಯೋಪಿಯಾದ ತಫಾರಿಕೆಲಾ ಅರೇಬಿಕಾವನ್ನು ಟಿಮೋರ್ ಹೈಬ್ರಿಡ್ ಜೊತೆ ಕೂಡಿಸಿ ಮಾಡಿದ ತಳಿ ಅದು.

ಪ್ರಶ್ನೆ: ನಾವು ಪಂಪ್‌ಸೆಟ್ ಬಿಡಿಭಾಗ ತಯಾರಿಸುತ್ತೇವೆ. ಆಡಿಸ್ ಅಬಾಬಾದಿಂದ ಆರ್ಡರ್ ಬಂದಿದೆ. ಅಲ್ಲಿನವರು ದುಡ್ಡು ಕೊಡುವುದಿಲ್ಲ ಎಂದು ಹೆದರಿಸುತ್ತಾರೆ. ನಿಜವೇ? (ಹುಬ್ಬಳ್ಳಿ)

ಉತ್ತರ: ಗಿರಾಕಿಯ ಬಳಿ ಬಿರ್ ಇರುತ್ತದೆ, ಅವನ ಬ್ಯಾಂಕಿನ ಬಳಿ ಡಾಲರ್ ಇರುವುದಿಲ್ಲ. ಹೆದರಿಸುವವರು ಈ ಎರಡನ್ನು ಬೆರೆಸುತ್ತಾರೆ. ಬಿರ್ ತೇಲಿಬಿಡುವ ಮುಂಚೆ ಆಮದುದಾರ ಬ್ಯಾಂಕಿನಲ್ಲಿ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದ. ಇಂಧನ, ಗೊಬ್ಬರ, ಔಷಧಿಗೆ ಮೊದಲ ಪಾಳಿ, ಬಿಡಿಭಾಗಕ್ಕೆ ಕೊನೆಗೆ. 2023ರ ಡಿಸೆಂಬರಿನಲ್ಲಿ ಸರ್ಕಾರವೇ 100 ಕೋಟಿ ಡಾಲರಿನ ಬಾಂಡ್ ಮೇಲಿನ 3.3 ಕೋಟಿ ಡಾಲರ್ ಬಡ್ಡಿ ಕಂತನ್ನು ಕಟ್ಟಲಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ನಾಲ್ಕು ವರ್ಷಕ್ಕೆ 340 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಬಿರ್ ದರ ಸಡಿಲಿಸಿದ ಮೇಲೆಯೇ. ಆ ದರ ಒಂದೆರಡು ತಿಂಗಳೊಳಗೆ 100 ದಾಟಿ, 2025ರ ಮಧ್ಯಕ್ಕೆ 130ರ ಆಚೆ ಹೋಯಿತು. ಈಗ ಸರತಿ ಚಿಕ್ಕದು, ಆದರೆ ನಿಮ್ಮ ಗಿರಾಕಿಗೆ ಅದೇ ಸರಕು ಇಮ್ಮಡಿಗೂ ಹೆಚ್ಚು ಬಿರ್. ಒಪ್ಪಂದವಾದ ಮೇಲೆ ದರ ಇಳಿಸಿ ಎಂದು ಗೋಗರೆಯುವುದು ಇದಕ್ಕೇ.

ಮಾಡಬೇಕಾದದ್ದು ಹೀಗೆ. ಅವನ ಬ್ಯಾಂಕು ಕೊಟ್ಟ ಆಮದು ಪರವಾನಗಿ ಕೈಗೆ ಬರುವವರೆಗೆ ಸರಕು ಹಡಗು ಹತ್ತಬಾರದು. ಪರವಾನಗಿಯ ತಾರೀಖಿಗಿಂತ ಮುಂಚಿನ ಹಡಗು ರಸೀದಿ ಅಲ್ಲಿ ತಕರಾರಿಗೆ ದಾರಿ. ಎಲ್‌ಸಿ (ಗಿರಾಕಿಯ ಬ್ಯಾಂಕೇ ಹಣಕ್ಕೆ ಹೊಣೆ ನಿಲ್ಲುವ ಪತ್ರ) ಕೇಳಿ, ಅದೂ ಬರೇ ಎಲ್‌ಸಿ ಅಲ್ಲ, ಇಥಿಯೋಪಿಯಾದ ಹೊರಗಿನ ದೊಡ್ಡ ಬ್ಯಾಂಕೊಂದು ಖಾತರಿ ಸೇರಿಸಿದ ಎಲ್‌ಸಿ. ಖಾತರಿಯ ಖರ್ಚು ಯಾರದೆಂದು ಮೊದಲೇ ಬರೆದುಕೊಳ್ಳಿ. ಕಾಗದಪತ್ರ ತೋರಿಸಿ ಹಣ ಪಡೆಯುವ ಪದ್ಧತಿಯೂ ಅಲ್ಲಿ ಚಾಲ್ತಿಯಲ್ಲಿದೆ. ಅದರಲ್ಲಿ ಬ್ಯಾಂಕು ಜವಾಬ್ದಾರಿ ಹೊರುವುದಿಲ್ಲ, ಹೊಸ ಗಿರಾಕಿಗೆ ಬೇಡ. ಆಮದು ಸರಕಿನ ವಿಮೆಯನ್ನು ಅಲ್ಲಿನ ಕಂಪನಿಯಿಂದಲೇ ಮಾಡಿಸುವುದು ರೂಢಿ, ಹಾಗಾಗಿ ನಿಮ್ಮ ದರದಲ್ಲಿ ವಿಮೆ ಸೇರಿಸಬೇಡಿ. ಭಾರತದ ಕಡೆ ಇಸಿಜಿಸಿ, ಅಂದರೆ ರಫ್ತಿನ ಹಣಕ್ಕೆ ವಿಮೆ ಕೊಡುವ ಸರ್ಕಾರಿ ಕಂಪನಿಯ ರಕ್ಷಣೆ ಎಷ್ಟು ಸಿಗುತ್ತದೆ ಎಂದು ದರ ಹೇಳುವ ಮುಂಚೆ ವಿಚಾರಿಸಿ, ಆಮೇಲಲ್ಲ.

ಕೈಕೊಡುವ ಇನ್ನೊಂದು ಜಾಗ ಜಿಬೂತಿ. ಇಥಿಯೋಪಿಯಾಕ್ಕೆ ಕರಾವಳಿಯಿಲ್ಲ. ಎರಿಟ್ರಿಯಾ 1993ರಲ್ಲಿ ಬೇರೆಯಾಯಿತು, 1998ರ ಯುದ್ಧದಲ್ಲಿ ಅಸಾಬ್ ಬಂದರೂ ಮುಚ್ಚಿಹೋಯಿತು. ಈಗ ಹೊರವ್ಯಾಪಾರದ ಹತ್ತರಲ್ಲಿ ಒಂಬತ್ತು ಪಾಲು ಜಿಬೂತಿಯಿಂದ, ಅಲ್ಲಿಂದ ಆಡಿಸ್ ಅಬಾಬಾಕ್ಕೆ ರೈಲಿನಲ್ಲಿ ಸುಮಾರು 750 ಕಿಲೋಮೀಟರ್, ಇಲ್ಲವೇ ಲಾರಿ, ದಾರಿಯಲ್ಲಿ ಮೊಜೊ ಒಣ ಬಂದರು, ಅಂದರೆ ಒಳನಾಡಿನ ಕಂಟೇನರ್ ನಿಲ್ದಾಣ. ಕಾಗದದಲ್ಲಿ ಒಂದಕ್ಷರ ತಪ್ಪಿದರೂ ಕಂಟೇನರ್ ಜಿಬೂತಿಯಲ್ಲಿ ಕೂತು ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ತಡವಾದದ್ದಕ್ಕೆ ದಂಡ, ತಿನ್ನುತ್ತದೆ. ಅಷ್ಟರಲ್ಲಿ ಎಲ್‌ಸಿಯ ಅವಧಿ ಮುಗಿಯುತ್ತದೆ. ಅವಧಿಯನ್ನು ಸ್ವಲ್ಪ ಧಾರಾಳವಾಗಿಯೇ ಕೇಳಿ. ಇನ್ನು, ‘ದುಬೈನ ನಮ್ಮ ಅಣ್ಣ ಹಣ ಹಾಕುತ್ತಾನೆ’ ಎಂದರೆ ನಿಮ್ಮ ಬ್ಯಾಂಕನ್ನು ಕೇಳದೆ ಒಪ್ಪಬೇಡಿ. ಮೂರನೆಯವರ ಹೆಸರಿನಿಂದ ಬಂದ ಹಣ ನಿಮ್ಮ ಶಿಪ್ಪಿಂಗ್ ಬಿಲ್ಲಿಗೆ ಹೊಂದಬೇಕಾದರೆ ಆ ವಿಷಯ ಆರ್ಡರಿನಲ್ಲೇ ಬರೆದಿರಬೇಕು.

ಪ್ರಶ್ನೆ: ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಅರ್ಧದಷ್ಟು ದಿನ ಉಪವಾಸ ಇರುತ್ತಾರಂತೆ. ಇದು ಹೇಳುವ ಮಾತೋ, ನಿಜವೋ? ನಮ್ಮ ಕಡೆಯ ಇಗರ್ಜಿಗಳಿಗೂ ಅವರಿಗೂ ಸಂಬಂಧವಿದೆಯೇ? (ಮಂಗಳೂರು)

ಉತ್ತರ: ನಿಜ. ಸಾಮಾನ್ಯ ಜನರಿಗೆ ಸುಮಾರು 180 ದಿನ, ಪಾದ್ರಿ ಸನ್ಯಾಸಿಗಳಿಗೆ 250ರ ಹತ್ತಿರ. ವಾರದಲ್ಲಿ ಬುಧವಾರ, ಶುಕ್ರವಾರ. ಈಸ್ಟರ್ ಆದ ಮೇಲಿನ 50 ದಿನ ಮಾತ್ರ ಇದಕ್ಕೂ ರಜೆ. ಈಸ್ಟರಿನ ಮುಂಚೆ 55 ದಿನ, ಕ್ರಿಸ್‌ಮಸ್‌ಗೆ ಮುಂಚೆ 40ರ ಮೇಲೆ, ಆಗಸ್ಟಿನಲ್ಲಿ ಮರಿಯಮ್ಮನ ಹೆಸರಲ್ಲಿ 15, ನಿನೆವೆಯ ಉಪವಾಸ 3, ಅಪೊಸ್ತಲರ ಉಪವಾಸ ಈಸ್ಟರ್ ಬಿದ್ದ ತಾರೀಖಿನ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಕಟ್ಟಾ ಆಚರಿಸುವವರು ಮಧ್ಯಾಹ್ನ ಮೂರರವರೆಗೆ ನೀರೂ ಮುಟ್ಟುವುದಿಲ್ಲ. ಆಮೇಲೆ ಇಂಜೆರಾ ಮೇಲೆ ಕಡಲೆ ಹಿಟ್ಟಿನ ಶಿರೊ, ಬೇಳೆ, ಸೊಪ್ಪು. ಇಂಜೆರಾ ಎಂದರೆ ಟೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಮೂರು ದಿನ ಹುಳಿ ಬರಿಸಿ ಹುಯ್ಯುವ ದೊಡ್ಡ ದೋಸೆ. ಮೇಲೆಲ್ಲ ತೂತು, ಒಂದೇ ಬದಿ ಬೇಯುತ್ತದೆ, ಮಗುಚುವುದಿಲ್ಲ.

ಉಪವಾಸದ ಪೆಟ್ಟು ಹೈನುಗಾರನಿಗೆ. ಹಸುವಿಗೆ ಉಪವಾಸದ ಪಟ್ಟಿ ಗೊತ್ತಿಲ್ಲ, ಅದು ದಿನವೂ ಹಾಲು ಕೊಡುತ್ತದೆ. 55 ದಿನ ನಗರದ ಬೇಡಿಕೆ ಕುಸಿದಾಗ ಡೈರಿಗಳು ಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಹಳ್ಳಿಯಲ್ಲಿ ಶೈತ್ಯಾಗಾರವಿಲ್ಲ. ಮಾಡುವುದೊಂದೇ, ಕಡೆದು ಬೆಣ್ಣೆ ತೆಗೆದು ಮಸಾಲೆ ಹಾಕಿ ಕಾಯಿಸಿ ಇಡುವುದು. ಆ ತುಪ್ಪ ಹಬ್ಬದವರೆಗೆ ತಡೆಯುತ್ತದೆ. ಈಸ್ಟರ್ ಹತ್ತಿರ ಬಂದಂತೆ ತುಪ್ಪ, ಮೊಟ್ಟೆ, ಕೋಳಿ ಮೂರರ ದರವೂ ಜಿಗಿಯುತ್ತದೆ, ಯಾಕೆಂದರೆ ಹಬ್ಬದ ದೊರೊ ವಾಟ್ ಎಂಬ ಕೋಳಿ ಸಾರಿಗೆ ಹುಂಜವನ್ನು ಹನ್ನೆರಡು ತುಂಡು ಮಾಡಿ ಬೇಯಿಸಿದ ಮೊಟ್ಟೆ ಸಮೇತ ಹಾಕಬೇಕು. ಹೈನು ಯೋಜನೆ ಹಾಕಿಕೊಡುವ ಹೊರಗಿನ ತಜ್ಞರು ಈ ಪಟ್ಟಿ ಮರೆತು ವರ್ಷವಿಡೀ ಒಂದೇ ಬೇಡಿಕೆ ಹಿಡಿದರೆ ಮೊದಲ ಉಪವಾಸದಲ್ಲೇ ಲೆಕ್ಕ ತಲೆಕೆಳಗು.

ಇನ್ನೊಂದು ಸೂಕ್ಷ್ಮ. ಕ್ರೈಸ್ತರು ಕಡಿದ ಮಾಂಸ ಮುಸ್ಲಿಮರು ತಿನ್ನುವುದಿಲ್ಲ, ಮುಸ್ಲಿಮರು ಕಡಿದದ್ದು ಕ್ರೈಸ್ತರೂ ತಿನ್ನುವುದಿಲ್ಲ. ಮಾಂಸದಂಗಡಿಯ ಮೇಲೆ ಶಿಲುಬೆಯೋ ಚಂದ್ರನೋ ಇರುವುದು ಅದಕ್ಕೆ. ನೆರೆಹೊರೆಯ ಮದುವೆಗೆ ಎರಡು ಒಲೆ ಹೂಡುತ್ತಾರೆ. ಉಪವಾಸದ ಸಸ್ಯಾಹಾರಕ್ಕೆ ಈ ತಂಟೆಯಿಲ್ಲ.

ಸಂಬಂಧ ಇದೆ, ಆದರೆ ಕೆಥೊಲಿಕ್ ಇಗರ್ಜಿಗಳ ಜೊತೆಗಲ್ಲ. ಇಥಿಯೋಪಿಯಾದ ತೆವಾಹೆದೊ ಚರ್ಚು 451ರಲ್ಲಿ ಕಾಲ್ಸಿಡನ್‌ನಲ್ಲಿ ಸೇರಿದ ಚರ್ಚುಗಳ ಮಹಾಸಭೆಯ ತೀರ್ಮಾನ ಒಪ್ಪದ ಗುಂಪಿಗೆ ಸೇರಿದ್ದು. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯಾ, ಕೇರಳದ ಮಲಂಕರ ಆರ್ಥೊಡಾಕ್ಸ್ ಎಲ್ಲ ಅದೇ ಕೂಟ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿರುವ ಕೊಂಕಣಿ ಮಾತಿನ ಆರ್ಥೊಡಾಕ್ಸ್ ಸಮುದಾಯ ಮಲಂಕರ ಸಭೆಯದು, ಹಾಗಾಗಿ ನಿಮ್ಮ ಪಕ್ಕದ ಊರಿನವರೇ ಅವರಿಗೆ ನೆಂಟರು. ಅಲ್ಲಿನ ಚರ್ಚಿನ ವಿಶೇಷವೆಂದರೆ ತಾಬೊತ್, ಅಂದರೆ ಮೋಶೆಯ ಆಜ್ಞೆಯ ಹಲಗೆಯ ಪ್ರತಿರೂಪ. ಅದಿಲ್ಲದೆ ಕಟ್ಟಡ ಎಷ್ಟು ದೊಡ್ಡದಿದ್ದರೂ ಚರ್ಚಲ್ಲ. ಜನವರಿ 19ರ ತಿಮ್ಕೆತ್ ಹಬ್ಬದಲ್ಲಿ ಅದನ್ನು ಜರಿ ಬಟ್ಟೆಯಲ್ಲಿ ಸುತ್ತಿ ಪಾದ್ರಿ ತಲೆಯ ಮೇಲೆ ಹೊತ್ತು ನೀರಿನ ಬಳಿಗೆ ಒಯ್ಯುತ್ತಾನೆ. ಬಟ್ಟೆಯೊಳಗಿನದ್ದನ್ನು ಯಾರೂ ನೋಡುವಂತಿಲ್ಲ.

ಪ್ರಶ್ನೆ: ಭಾಷಾವಾರು ಪ್ರಾಂತ್ಯ ನಮ್ಮಲ್ಲೂ ಇದೆ. ಅಲ್ಲಿ ಅದೇ ಏರ್ಪಾಟಿಗೆ ಇಷ್ಟು ರಕ್ತ ಯಾಕೆ? (ಧಾರವಾಡ)

ಉತ್ತರ: ಅದೇ ಏರ್ಪಾಟಲ್ಲ. ಹೊರಗಿನಿಂದ ಒಂದೇ ತರಹ ಕಾಣುತ್ತದೆ. 1995ರ ಸಂವಿಧಾನದ 8ನೇ ವಿಧಿ ಸಾರ್ವಭೌಮತ್ವವನ್ನು ಪ್ರಜೆಗಳಿಗಲ್ಲ, ‘ರಾಷ್ಟ್ರಗಳು, ರಾಷ್ಟ್ರೀಯತೆಗಳು, ಜನಾಂಗಗಳಿಗೆ’ ಕೊಡುತ್ತದೆ. 39ನೇ ವಿಧಿ ಅವುಗಳಿಗೆ ಬೇರೆ ಹೋಗುವ ಹಕ್ಕನ್ನೂ ಕೊಡುತ್ತದೆ, ಕ್ರಮವನ್ನೂ ಬರೆದಿದೆ: ಆ ಜನಾಂಗದ ಶಾಸನಸಭೆಯಲ್ಲಿ ಮೂರನೇ ಎರಡು ಮತ, ಮೂರು ವರ್ಷದೊಳಗೆ ಕೇಂದ್ರ ಸರ್ಕಾರ ನಡೆಸುವ ಜನಮತ, ಅದರಲ್ಲಿ ಬಹುಮತ, ಆಮೇಲೆ ಆಸ್ತಿ ಹಂಚಿಕೆ. ಈ ದಾರಿಯಲ್ಲಿ ಇದುವರೆಗೆ ಯಾರೂ ಹೊರಗೆ ಹೋಗಿಲ್ಲ. ಆದರೆ ಒಳಗೇ ಹೊಸ ರಾಜ್ಯ ಕೇಳುವ ದಾರಿ ತೆರೆದಿದೆ. 2019ರ ನವೆಂಬರಿನಲ್ಲಿ ಸಿದಾಮ ಜನಾಂಗದವರು ಜನಮತ ಗೆದ್ದು ಬೇರೆಯಾದ ಮೇಲೆ ದಕ್ಷಿಣದ ರಾಜ್ಯ ಹೋಳಾಗುತ್ತಾ ಹೋಯಿತು. ಒಂಬತ್ತಿದ್ದ ರಾಜ್ಯಗಳು ಈಗ ಹನ್ನೆರಡು.

ನಮ್ಮಲ್ಲಿ ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಕರ್ನಾಟಕದ ಪೂರ್ಣ ನಾಗರಿಕರು. ಅಲ್ಲಿ ಬೆನಿಶಾಂಗುಲ್-ಗುಮುಜ್‌ನಂಥ ರಾಜ್ಯದ ಸಂವಿಧಾನದಲ್ಲಿ ಇಂತಿಂಥ ಐದು ಜನಾಂಗದವರು ‘ಒಡೆಯರು’ ಎಂದು ಹೆಸರಿಸಿದೆ, ಉಳಿದವರು ತಲೆಮಾರುಗಳಿಂದ ಇದ್ದರೂ ಹೊರಗಿನವರು. ಗುರುತಿನ ಚೀಟಿಯಲ್ಲಿ ಜನಾಂಗ ಬರೆಯುತ್ತಿದ್ದರು. ಗಲಭೆಯಾದಾಗ ಆ ಚೀಟಿಯೇ ಸಾವಿನ ಚೀಟಿ. ಇದರ ಮೇಲೆ ಒಂದೊಂದು ರಾಜ್ಯಕ್ಕೂ ಬಂದೂಕು ಹೊತ್ತ ‘ವಿಶೇಷ ಪಡೆ’ ಇತ್ತು. ಇಷ್ಟೆಲ್ಲ ಇದ್ದೂ 1991ರಿಂದ ಸುಮಾರು 27 ವರ್ಷ ಒಡೆದು ಹೋಗದಿದ್ದುದಕ್ಕೆ ಕಾರಣ, ಎಲ್ಲ ರಾಜ್ಯದಲ್ಲೂ ಒಂದೇ ಕೂಟ ಇಲ್ಲವೇ ಅದರ ಜೊತೆಗಾರ ಪಕ್ಷ ಆಳುತ್ತಿತ್ತು, ಕೂಟದ ಜುಟ್ಟು ಉತ್ತರದ ತಿಗ್ರಾಯ್ ರಾಜ್ಯದವರ ಕೈಯಲ್ಲಿತ್ತು. ಕಾಗದದಲ್ಲಿ ಒಕ್ಕೂಟ, ನಡೆಯುವುದು ಪಕ್ಷದ ಆದೇಶ.

2018ರ ಏಪ್ರಿಲಿನಲ್ಲಿ ಅಬಿಯ್ ಅಹ್ಮದ್ ಪ್ರಧಾನಿಯಾದರು. ಎರಿಟ್ರಿಯಾ ಜೊತೆ ರಾಜಿ ಮಾಡಿ 2019ರಲ್ಲಿ ನೊಬೆಲ್ ಪಡೆದರು. ಅದೇ ವರ್ಷದ ಕೊನೆಗೆ ಹಳೆಯ ಕೂಟವನ್ನು ಕರಗಿಸಿ ಒಂದೇ ಪಕ್ಷ ಮಾಡಿದರು. ತಿಗ್ರಾಯ್‌ನವರು ಸೇರಲಿಲ್ಲ. ಕೊರೊನಾ ಹೆಸರಲ್ಲಿ ಚುನಾವಣೆ ಮುಂದೆ ಹೋದಾಗ ಅವರು 2020ರ ಸೆಪ್ಟೆಂಬರಿನಲ್ಲಿ ತಾವೇ ಚುನಾವಣೆ ಮಾಡಿಕೊಂಡರು. ನವೆಂಬರ್ 4ಕ್ಕೆ ಯುದ್ಧ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಾಗ ನೊಗ ಮುರಿಯಿತು. ಎರಿಟ್ರಿಯಾದ ಸೈನ್ಯವೂ ಒಳಬಂತು, ತಿಗ್ರಾಯ್‌ಗೆ ಬ್ಯಾಂಕು, ಫೋನು, ಕರೆಂಟು ನಿಲ್ಲಿಸಿದರು. 2022ರ ನವೆಂಬರ್ 2ರ ಪ್ರಿಟೋರಿಯಾ ಒಪ್ಪಂದಕ್ಕೆ ಮಧ್ಯಸ್ಥಿಕೆ ಮಾಡಿದ ನೈಜೀರಿಯಾದ ಮಾಜಿ ಅಧ್ಯಕ್ಷ ಒಲುಸೆಗುನ್ ಒಬಸಾಂಜೊ ಸತ್ತವರು 6 ಲಕ್ಷದವರೆಗೆ ಇರಬಹುದೆಂದರು. ಒಪ್ಪಂದದಲ್ಲಿ ಇತ್ಯರ್ಥವಾಗದೆ ಉಳಿದದ್ದು ಪಶ್ಚಿಮ ತಿಗ್ರಾಯ್, ನೆರೆಯ ಅಮ್ಹಾರಾ ರಾಜ್ಯದವರು ವೊಲ್ಕಾಯಿತ್ ಎಂದು ಕರೆಯುವ ಎಳ್ಳು ಬೆಳೆಯುವ ನೆಲ. 2023ರ ಏಪ್ರಿಲಿನಲ್ಲಿ ರಾಜ್ಯಗಳ ವಿಶೇಷ ಪಡೆಗಳನ್ನು ವಿಸರ್ಜಿಸಲು ಹೊರಟಾಗ, ಯುದ್ಧದಲ್ಲಿ ಕೇಂದ್ರದ ಪರ ನಿಂತಿದ್ದ ಅಮ್ಹಾರಾದವರೇ ತಿರುಗಿಬಿದ್ದರು. ಈಗ ಫಾನೊ ಎಂಬ ಹೆಸರಿನ ಹೋರಾಟಗಾರರು ಸೈನ್ಯದ ಎದುರಿದ್ದಾರೆ. ಒರೊಮೊ ಜನರ ರಾಜ್ಯವಾದ ಒರೊಮಿಯಾದಲ್ಲಿ ಒರೊಮೊ ವಿಮೋಚನಾ ಸೇನೆಯದು ಬೇರೆಯೇ ಕಾಳಗ.

ಪ್ರಶ್ನೆ: ಅಲ್ಲಿ ಕ್ರೈಸ್ತರು ಹೆಚ್ಚೋ, ಮುಸ್ಲಿಮರು ಹೆಚ್ಚೋ? ಧರ್ಮದ ಹೆಸರಲ್ಲಿ ಜಗಳವಿಲ್ಲವೇ? (ಕಲಬುರಗಿ)

ಉತ್ತರ: ಕೊನೆಯ ಜನಗಣತಿ 2007ರದು: ಆರ್ಥೊಡಾಕ್ಸ್ ಶೇ 43.5, ಮುಸ್ಲಿಮರು ಶೇ 34ರ ಹತ್ತಿರ, ಪ್ರಾಟೆಸ್ಟೆಂಟರು ಶೇ 18.5ರ ಆಸುಪಾಸು. ಆಮೇಲಿನ ಗಣತಿ 2017ಕ್ಕೆ ಆಗಬೇಕಿತ್ತು, ಮುಂದೂಡುತ್ತಲೇ ಬಂದರು. ಲೆಕ್ಕ ಹಾಕಿದರೆ ಯಾವ ಜನಾಂಗದವರು ಎಷ್ಟು, ಯಾವ ಧರ್ಮದವರು ಎಷ್ಟು ಎಂದು ಗೊತ್ತಾಗುತ್ತದೆ, ಅನುದಾನವೂ ಸೀಟೂ ಅದರ ಮೇಲೆ. ಹಾಗಾಗಿ ಇಂದಿನ ಅಂಕಿ ಎಂದು ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ.

ಇಸ್ಲಾಂ ಅಲ್ಲಿಗೆ ಹೊರಗಿನಿಂದ ನಿನ್ನೆ ಬಂದದ್ದಲ್ಲ. ಮೆಕ್ಕಾದಲ್ಲಿ ಕಿರುಕುಳವಾದಾಗ ಪ್ರವಾದಿಯವರ ಅನುಯಾಯಿಗಳ ಮೊದಲ ತಂಡ ಸುಮಾರು 615ರಲ್ಲಿ ಆಶ್ರಯ ಪಡೆದದ್ದು ಅಲ್ಲಿನ ಪ್ರಾಚೀನ ಅಕ್ಸುಮ್ ರಾಜ್ಯದ ಕ್ರೈಸ್ತ ರಾಜನ ಬಳಿ. ಪೂರ್ವದ ಹಳೆಯ ಮುಸ್ಲಿಂ ನಗರ ಹರಾರ್‌ನ ಕೋಟೆಯೊಳಗೇ 82 ಮಸೀದಿಗಳಿವೆ.

ಈಗಿನ ದೊಡ್ಡ ಜಗಳ ಎರಡು ಧರ್ಮದ ನಡುವೆ ಎನ್ನುವುದಕ್ಕಿಂತ ಆರ್ಥೊಡಾಕ್ಸ್ ಚರ್ಚಿನ ಒಳಗೇ. 2023ರ ಜನವರಿಯಲ್ಲಿ ಮೂವರು ಆರ್ಚ್‌ಬಿಷಪ್‌ಗಳು ಧರ್ಮಸಭೆಯ ಒಪ್ಪಿಗೆಯಿಲ್ಲದೆ 26 ಬಿಷಪ್‌ಗಳಿಗೆ ದೀಕ್ಷೆ ಕೊಟ್ಟರು. ಅವರ ವಾದ: ಒರೊಮೊ ಜನ ತಮ್ಮ ಭಾಷೆಯಲ್ಲಿ ಪೂಜೆ, ಉಪದೇಶ ಸಿಗದೆ ಬೇರೆ ಪಂಗಡಗಳಿಗೆ ಹೋಗುತ್ತಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ, ಚರ್ಚಿನ ಪೂಜೆಯ ಹಳೆಯ ಭಾಷೆ ಗೀಜ್ ಅಲ್ಲಿ ಯಾರ ಮನೆಮಾತೂ ಅಲ್ಲ. ಆದರೆ ಹಿಡಿದ ದಾರಿ ಚರ್ಚನ್ನೇ ಸೀಳುವಂತಿತ್ತು. ಬೀದಿಯಲ್ಲಿ ಸಾವುಗಳಾದವು, ಫೆಬ್ರವರಿಯಲ್ಲಿ ರಾಜಿಯಾಯಿತು. ತಿಗ್ರಾಯ್‌ನ ಬಿಷಪ್‌ಗಳು ಮಾತ್ರ ಯುದ್ಧದಲ್ಲಿ ಧರ್ಮಸಭೆ ತಮ್ಮ ಪರ ಬಾಯಿ ಬಿಡಲಿಲ್ಲವೆಂದು ದೂರವಾಗಿ ತಮ್ಮದೇ ಬಿಷಪ್‌ಗಳನ್ನು ನೇಮಿಸಿಕೊಂಡರು. ವಿಚಿತ್ರವೆಂದರೆ ಚರ್ಚಿನ ಮುಖ್ಯಸ್ಥ ಪೇಟ್ರಿಯಾರ್ಕ್ ಅಬುನೆ ಮಥಿಯಾಸ್ ಸ್ವತಃ ತಿಗ್ರಾಯ್‌ನವರು.

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದು ಅಲ್ಲಿ ಲಕ್ಷಗಟ್ಟಲೆ ಎಕರೆ ಜಮೀನು ಕೊಂಡಿತ್ತಲ್ಲ, ಏನಾಯಿತು? (ತುಮಕೂರು)

ಉತ್ತರ: ಕೊಳ್ಳಲಿಲ್ಲ, ಕೊಳ್ಳಲು ಬರುವುದೇ ಇಲ್ಲ. 1975ರಲ್ಲಿ ಸೈನಿಕ ಸರ್ಕಾರ ಹಳ್ಳಿಯ ಎಲ್ಲ ಜಮೀನನ್ನು ವಶಪಡಿಸಿಕೊಂಡಿತು. ಆ ಸರ್ಕಾರ 1991ರಲ್ಲಿ ಬಿದ್ದರೂ 1995ರ ಸಂವಿಧಾನದ 40ನೇ ವಿಧಿ ಅದನ್ನೇ ಉಳಿಸಿಕೊಂಡಿತು: ಭೂಮಿ ಸರ್ಕಾರ ಮತ್ತು ಜನಾಂಗಗಳದ್ದು, ಮಾರುವಂತಿಲ್ಲ. ರೈತನಿಗೆ ಉಳುವ ಹಕ್ಕಿನ ಪತ್ರ ಸಿಗುತ್ತದೆ, ಅದನ್ನು ಅಡವಿಟ್ಟು ಸಾಲ ಎತ್ತುವುದು ಕಷ್ಟ. ಹೊಲ ಬಿಟ್ಟು ಪೇಟೆಗೆ ಹೋದರೆ ಹಕ್ಕು ಕೈತಪ್ಪುವ ಭಯ.

ನೀವು ಹೇಳುವುದು ಕರುತೂರಿ ಗ್ಲೋಬಲ್. ಮೊದಲು ಗುಲಾಬಿ ಬೆಳೆದು ಹೆಸರು ಮಾಡಿತು, ಆಮೇಲೆ ಪಶ್ಚಿಮದ ಗಂಬೆಲ್ಲಾ ರಾಜ್ಯದಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿಯಿತು, ಕೆಲಸ ನೋಡಿಕೊಂಡು ಇನ್ನಷ್ಟು ಕೊಡುವ ಮಾತೂ ಇತ್ತು. ಗುತ್ತಿಗೆ ಹಣ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್ ಎಂದು ವರದಿಯಾಯಿತು, ಬಿಟ್ಟಿ ಎಂದರೂ ನಡೆಯುತ್ತದೆ. ಬಿಟ್ಟಿ ನೆಲ ಬಿಟ್ಟಿಯಾಗಿರುವುದಕ್ಕೆ ಕಾರಣವಿರುತ್ತದೆ. ಅದು ಬರೊ ನದಿಯ ನೆರೆಬಯಲು, ಮಳೆಗಾಲದಲ್ಲಿ ನದಿ ಹರಡಿಕೊಳ್ಳುವ ಜಾಗ. 2011ರಲ್ಲಿ ನೆರೆ ಬಂದು ಮೆಕ್ಕೆಜೋಳ ಕೊಚ್ಚಿಕೊಂಡು ಹೋಯಿತು. ಬದು ಹಾಕಿ ನದಿ ತಡೆಯುವ ಖರ್ಚು, ರಸ್ತೆಯಿಲ್ಲದ ಕಡೆ ಯಂತ್ರ ಸಾಗಿಸುವ ಖರ್ಚು ಎಲ್ಲ ಸೇರಿ ಕೈ ಸೋತಿತು. ಒಪ್ಪಂದದ ಜಮೀನಿನಲ್ಲಿ ಅಲ್ಪ ಭಾಗವಷ್ಟೇ ಉಳುಮೆಯಾಗಿತ್ತು. 2015ರ ಕೊನೆಗೆ ಸರ್ಕಾರ ಗುತ್ತಿಗೆ ರದ್ದು ಮಾಡಿತು. ‘ಖಾಲಿ ನೆಲ’ ಎಂದು ನಕ್ಷೆಯಲ್ಲಿ ತೋರಿಸಿದ್ದೂ ಖಾಲಿಯಿರಲಿಲ್ಲ. ಅನ್ಯುವಾಕ್ ಜನರ ಸರದಿ ಬೇಸಾಯದ ಹೊಲ, ನುಯೆರ್ ಜನರ ದನ ಮೇಯುವ ದಾರಿ ಇರುವ ಸೀಮೆ ಅದು. ನೀರಾವರಿ ಇಲಾಖೆಯ ಹತ್ತು ವರ್ಷದ ನೆರೆ ಲೆಕ್ಕ ನೋಡದೆ, ನದಿ ದಂಡೆಯ ಹಳ್ಳಿಯವರನ್ನು ಕೇಳದೆ ಯಾವ ದೇಶದಲ್ಲೂ ಗುತ್ತಿಗೆಗೆ ಸಹಿ ಹಾಕುವಂತಿಲ್ಲ.

ಪ್ರಶ್ನೆ: ನೈಲ್ ಅಣೆಕಟ್ಟಿಗೆ ಈಜಿಪ್ಟ್ ಯಾಕೆ ಅಷ್ಟು ಹೆದರುತ್ತದೆ? (ಮಂಡ್ಯ)

ಉತ್ತರ: ಮಂಡ್ಯದವರಿಗೆ ಮೇಲಿನ ದಂಡೆ, ಕೆಳಗಿನ ದಂಡೆ ಎಂದರೇನೆಂದು ವಿವರಿಸಬೇಕಿಲ್ಲ. ಇಥಿಯೋಪಿಯಾ ಅಣೆ ಕಟ್ಟಿದ್ದು ನೈಲ್‌ನ ಉಪನದಿ ನೀಲಿ ನೈಲ್‌ಗೆ, ಅಲ್ಲಿ ಅದಕ್ಕೆ ಅಬಯ್ ಎನ್ನುತ್ತಾರೆ. ಸುಡಾನ್ ಗಡಿಯ ಹತ್ತಿರ 2011ರಲ್ಲಿ ಕೆಲಸ ಶುರು, 2020ರಲ್ಲಿ ನೀರು ತುಂಬಿಸಲಾರಂಭ, 2022ರಲ್ಲಿ ಮೊದಲ ವಿದ್ಯುತ್, 2025ರ ಸೆಪ್ಟೆಂಬರ್ 9ರಂದು ಉದ್ಘಾಟನೆ. ಸಾಮರ್ಥ್ಯ 5,150 ಮೆಗಾವಾಟ್, ಜಲಾಶಯ 7,400 ಕೋಟಿ ಘನ ಮೀಟರ್, ಟಿಎಂಸಿ ಲೆಕ್ಕದಲ್ಲಿ ಸುಮಾರು 2,600. ಕನ್ನಂಬಾಡಿಯಂಥ ಐವತ್ತಕ್ಕೂ ಹೆಚ್ಚು ಕಟ್ಟೆಯ ನೀರು. ಅಣೆಕಟ್ಟೆಗೆ ವಿದೇಶಿ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದಾಗ ಸರ್ಕಾರಿ ನೌಕರರ ಸಂಬಳದಿಂದ, ಅಂಗಡಿಯವರಿಂದ ಬಾಂಡ್ ರೂಪದಲ್ಲಿ ದುಡ್ಡೆತ್ತಿದರು. ಒಬ್ಬರನ್ನೊಬ್ಬರು ಕೊಲ್ಲುತ್ತಿರುವ ಪಕ್ಷಗಳೂ ಈ ಒಂದು ಕಟ್ಟೆಯ ವಿಷಯದಲ್ಲಿ ಒಂದೇ ಮಾತಾಡುವುದು ಅದಕ್ಕೆ.

ವಿದ್ಯುತ್ತಿಗಾಗಿ ಬಿಟ್ಟ ನೀರು ಕೆಳಗೆ ಹೋಗಿಯೇ ಹೋಗುತ್ತದೆ, ಮಳೆ ಚೆನ್ನಾಗಿದ್ದ ವರ್ಷ ಜಗಳವಿಲ್ಲ. ಸತತ ಬರಗಾಲ ಬಂದರೆ ಕಟ್ಟೆಯಿಂದ ಎಷ್ಟು ಬಿಡಬೇಕು, ಆಮೇಲೆ ತುಂಬಿಸಿಕೊಳ್ಳುವಾಗ ಎಷ್ಟು ಹಿಡಿಯಬಹುದು, ಇದಕ್ಕೆ ಬರಹದ ಒಪ್ಪಂದ ಇಲ್ಲ. ಈಜಿಪ್ಟ್ ತೋರಿಸುವುದು 1959ರ ಪತ್ರ: ತನಗೆ 5,550 ಕೋಟಿ, ಸುಡಾನ್‌ಗೆ 1,850 ಕೋಟಿ ಘನ ಮೀಟರ್. ಆ ಪತ್ರಕ್ಕೆ ಇಥಿಯೋಪಿಯಾ ಸಹಿ ಹಾಕಿಲ್ಲ, ಅದಕ್ಕೆ ಅಲ್ಲಿ ಒಂದು ಹನಿಯೂ ಬರೆದಿಲ್ಲ. ಕಾವೇರಿಗೆ ನ್ಯಾಯಮಂಡಳಿಯಾದರೂ ಇತ್ತು, ಇಲ್ಲಿ ತೀರ್ಪು ಕೊಡುವ ಪೀಠವೇ ಇಲ್ಲ.

ಪ್ರಶ್ನೆ: ಬ್ಯಾಂಕು ನಂಬದ ಜನ ದುಡ್ಡು ಎಲ್ಲಿಡುತ್ತಾರೆ? (ದಾವಣಗೆರೆ)

ಉತ್ತರ: ಚೀಟಿ ಹಾಕುತ್ತಾರೆ. ಅದರ ಹೆಸರು ಇಕೂಬ್. ಇಪ್ಪತ್ತು ಜನ ವಾರಕ್ಕೆ ಸಾವಿರ ಬಿರ್ ಹಾಕಿದರೆ ವಾರಕ್ಕೊಬ್ಬರಿಗೆ ಇಪ್ಪತ್ತು ಸಾವಿರ. ನಮ್ಮಲ್ಲಿನ ಹರಾಜು ಸಾಮಾನ್ಯವಾಗಿ ಇಲ್ಲ, ಹೆಸರು ಬರೆದ ಚೀಟಿ ಎತ್ತುತ್ತಾರೆ, ಹಾಗಾಗಿ ಬಡ್ಡಿಯ ಮಾತು ಬರುವುದಿಲ್ಲ, ಮುಸ್ಲಿಮರೂ ಸಂಕೋಚವಿಲ್ಲದೆ ಸೇರುತ್ತಾರೆ. ಮೊದಲೇ ಎತ್ತಿದವರು ಜಾಮೀನುದಾರರನ್ನು ಕೊಡಬೇಕು. ತುರ್ತಿದ್ದವರು ಚೀಟಿ ಬಂದವರಿಗೆ ಸ್ವಲ್ಪ ಹಣ ಬಿಟ್ಟುಕೊಟ್ಟು ಅವರ ಸರದಿ ಕೊಳ್ಳುವುದೂ ಉಂಟು. ತೊಂದರೆ ಬರುವುದು ಬಿರ್ ಬೆಲೆ ಕುಸಿಯುವಾಗ. ಕೊನೆಗೆ ಎತ್ತಿದವನ ಇಪ್ಪತ್ತು ಸಾವಿರಕ್ಕೆ ಮೊದಲಿಗನಷ್ಟು ಸಿಮೆಂಟು ಬರುವುದಿಲ್ಲ.

ಇದರ ಜೋಡಿ ಇದಿರ್, ಸಾವಿನ ಸಂಘ. ತಿಂಗಳಿಗೊಂದಿಷ್ಟು ಕಟ್ಟಿದರೆ ಮನೆಯಲ್ಲಿ ಸಾವಾದಾಗ ಡೇರೆ, ಬೆಂಚು, ದೊಡ್ಡ ಪಾತ್ರೆ, ನಗದು, ಅಡುಗೆಗೆ ಕೈ, ಎಲ್ಲ ಬರುತ್ತದೆ. ಕೇರಿಯ ಇದಿರ್‌ನಲ್ಲಿ ಕ್ರೈಸ್ತರೂ ಮುಸ್ಲಿಮರೂ ಒಟ್ಟಿಗೇ ಇರುತ್ತಾರೆ. ಸಾವಿಗೆ ಹೋಗದವರಿಗೆ ದಂಡ. ಸರ್ಕಾರಗಳು ಮೂರು ಬಾರಿ ಬದಲಾದರೂ ಇವೆರಡು ನಿಂತಿಲ್ಲ.

ಪ್ರಶ್ನೆ: ಅಲ್ಲಿ ಈಗ ಯಾವ ಇಸವಿ? ವರ್ಷಕ್ಕೆ 13 ತಿಂಗಳಂತೆ! (ಶಿರಸಿ)

ಉತ್ತರ: 30 ದಿನದ 12 ತಿಂಗಳು, ಕೊನೆಗೆ 5 ದಿನದ ಪಗುಮೆ. ನಾಲ್ಕು ವರ್ಷಕ್ಕೊಮ್ಮೆ ಅದು 6 ದಿನ. ಹೊಸ ವರ್ಷ ಸೆಪ್ಟೆಂಬರ್ 11, ಆ 6 ದಿನದ ಪಗುಮೆ ಬಂದಾಗ 12. ಸೆಪ್ಟೆಂಬರ್ 11ರಿಂದ ಡಿಸೆಂಬರ್ ಕೊನೆವರೆಗೆ ನಮ್ಮ ಇಸವಿಯಲ್ಲಿ 7 ಕಳೆಯಿರಿ, ಜನವರಿಯಿಂದ 8. 2025ರ ಸೆಪ್ಟೆಂಬರಿನಲ್ಲಿ ಅವರು 2018ಕ್ಕೆ ಕಾಲಿಟ್ಟರು. ಗಡಿಯಾರವೂ ಬೇರೆ. ನಮ್ಮ ಪಂಚಾಂಗದ ದಿನದಂತೆ ಸೂರ್ಯೋದಯದಿಂದ ಎಣಿಕೆ, ಬೆಳಗಿನ 7 ಎಂದರೆ ಅವರಿಗೆ 1 ಗಂಟೆ. ವಿಮಾನದ ಟಿಕೆಟ್‌ನಲ್ಲಿ ನಮ್ಮ ಸಮಯ, ಬಸ್‌ನಿಲ್ದಾಣದಲ್ಲಿ ಅವರ ಸಮಯ. ‘2 ಗಂಟೆಗೆ ಬಸ್’ ಎಂದರೆ ಬೆಳಿಗ್ಗೆ 8. ಊಟ ಮುಗಿಸಿ ಹೋದವರಿಗೆ ಬಸ್ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಸಿದ್ದಿಯರು ಇಥಿಯೋಪಿಯಾದವರೇ? (ಯಲ್ಲಾಪುರ)

ಉತ್ತರ: ಬಹುಪಾಲು ಅಲ್ಲ. ಅವರ ಪೂರ್ವಿಕರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಆಫ್ರಿಕಾದ ಆಗ್ನೇಯ ಕರಾವಳಿಯಿಂದ ಗೋವೆಗೆ ಗುಲಾಮರಾಗಿ ತಂದರು. ದಖನ್ನಿನ ‘ಹಬ್ಶಿ’ ಸರದಾರರು ಬೇರೆ ಅಲೆ. ಅಬಿಸಿನಿಯಾ ಎಂಬ ಹಳೆಯ ಹೆಸರಿನಿಂದ ಬಂದ ಪದ ಅದು. ಅಹಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದವನು, ತೀರಿಕೊಂಡದ್ದು 1626ರಲ್ಲಿ. ಬಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿಯೂ ಇದ್ದ.

ಪ್ರಶ್ನೆ: ರಾಗಿ ಅಲ್ಲಿಂದಲೇ ಬಂತು ಎನ್ನುವುದು ಸರಿಯೇ? ಅವರು ಮುದ್ದೆ ತಿನ್ನುತ್ತಾರೆಯೇ? (ಕೋಲಾರ)

ಉತ್ತರ: ರಾಗಿಯ ಮೂಲ ಇಥಿಯೋಪಿಯಾದಿಂದ ಉಗಾಂಡಾವರೆಗಿನ ಎತ್ತರದ ಸೀಮೆ, ಅದು ಸರಿ. ಅಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ದಗುಸ್ಸಾ. ಟೆಫ್ ದುಬಾರಿಯಾದಾಗ ಇಂಜೆರಾ ಹಿಟ್ಟಿಗೆ ಬೆರೆಸುತ್ತಾರೆ. ಹೆಚ್ಚಾಗಿ ಹೋಗುವುದು ತಲ್ಲಾ ಎಂಬ ಮನೆ ಬಿಯರಿಗೆ ಮತ್ತು ಭಟ್ಟಿ ಇಳಿಸುವ ಅರಾಕಿಗೆ. ಮುದ್ದೆಗೆ ಹತ್ತಿರದ್ದು ಗೆನ್ಫೊ, ಗಟ್ಟಿ ಹಿಟ್ಟಿನ ಗುಡ್ಡೆಯ ನಡುವೆ ಗುಳಿ ಮಾಡಿ ಮಸಾಲೆ ತುಪ್ಪ ಹುಯ್ಯುತ್ತಾರೆ. ಅದು ಹೆಚ್ಚಾಗಿ ಜವೆಗೋಧಿಯದು. ನಿಮ್ಮ ಹೊಲದ ಅಂಚಿನ ಹುಚ್ಚೆಳ್ಳೂ ಅಲ್ಲಿಯದೇ, ಅಲ್ಲಿ ನುಗ್ ಎನ್ನುತ್ತಾರೆ. ತುಪ್ಪ ಮುಟ್ಟದ ಉಪವಾಸದ ದಿನಗಳಲ್ಲಿ ಒಗ್ಗರಣೆಗೆ ಬೇಕಾದದ್ದು ಅದರ ಎಣ್ಣೆ. ಈಗ ಆಮದಿನ ತಾಳೆ ಎಣ್ಣೆ ಅಗ್ಗವಾಗಿ ಅದರ ಜಾಗಕ್ಕೆ ಬಂದಿದೆ, ಅದಕ್ಕೂ ಡಾಲರೇ ಬೇಕು.